ಔಷಧವೂ ನದಿಯೂ

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ವಿಜ್ಞಾನದ ವಿಷಯವನ್ನು ಕುರಿತು ಬರೆಯಹೊರಟುದನ್ನು ಕಂಡು ವಾಚಕಮಿತ್ರರು ನಗಬಹುದು. ಆದರೆ ನನ್ನನ್ನು ಇದಕ್ಕೆ ಎಳೆದುತಂದುದು ಪಠ್ಯಪುಸ್ತಕವಲ್ಲ. ಉಮ್ಮತ್ತೂರಿನ ನಮ್ಮ ಮನೆಯಲ್ಲಿ ಹುಟ್ಟಿದ ಒಂದು ಪ್ರಶ್ನೆ. ನಮ್ಮ ಅಜ್ಜಿಗೆ ಸಕ್ಕರೆ ಕಾಯಿಲೆಯುಂಟು. ಕಳೆದ ಬೇಸಗೆಯ ರಜೆಯಲ್ಲಿ, ಅವಧಿ ಮೀರಿದ ಮಾತ್ರೆಗಳನ್ನೆಲ್ಲ ನಾನು ಬಚ್ಚಲಿಗೆ ಸುರಿದು ನೀರು ಹೊಯ್ದೆ. "ಅಲ್ಲಿಗಾಕುದ್ರ ಅದೆಲ್ಲಿಗೋದದು ಮಗ?" ಎಂದಳು ಅಜ್ಜಿ. "ಮೋರಿಗೆ" ಎಂದೆ. "ಮೋರಿಯಿಂದ?" ಎಂದಳು. ಉತ್ತರ ತೋಚಲಿಲ್ಲ. ಆಮೇಲೆ ಓದಿ, ಅಧ್ಯಾಪಕರನ್ನು ಕೇಳಿ ತಿಳಿದುದನ್ನು ಇಲ್ಲಿ ನಿವೇದಿಸಿದ್ದೇನೆ.

ಮಾತ್ರೆಯ ದಾರಿ

ನಾವು ನುಂಗಿದ ಔಷಧವೆಲ್ಲ ದೇಹದಲ್ಲಿಯೇ ಮುಗಿದುಹೋಗುವುದಿಲ್ಲ. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಬಹುಮಟ್ಟಿಗೆ ರೂಪ ಬದಲಾಗದೆಯೇ ದೇಹದಿಂದ ಹೊರಬೀಳುತ್ತದೆ. ಆದುದರಿಂದ, ನಾನು ಬಚ್ಚಲಿಗೆ ಸುರಿದುದು ಚಿಕ್ಕ ಪಾಲು. ಊರೂರಿನ ರೋಗಿಗಳು ನ್ಯಾಯವಾಗಿಯೇ ಸೇವಿಸಿದುದು ದೊಡ್ಡ ಪಾಲು.

ಪಟ್ಟಣಗಳ ಕೊಳಚೆನೀರನ್ನು ಶುದ್ಧೀಕರಣ ಘಟಕಕ್ಕೆ ಹಾಯಿಸುತ್ತಾರೆ. ಮೊದಲು ಕಸವನ್ನೂ ಮಡ್ಡಿಯನ್ನೂ ಇಳಿಸಿ, ಬಳಿಕ ಗಾಳಿಯೂದಿ ಸೂಕ್ಷ್ಮಜೀವಿಗಳನ್ನು ಬೆಳೆಸುತ್ತಾರೆ. ಅವು ಕೊಳೆಯನ್ನು ತಿಂದು ನೀರನ್ನು ತಿಳಿಯಾಗಿಸುತ್ತವೆ. ಆದರೆ ಈ ಏರ್ಪಾಡು ಮಲಮೂತ್ರಾದಿಗಳಿಗಾಗಿ ಕಲ್ಪಿತವಾದುದೇ ಹೊರತು ಔಷಧಗಳಿಗಾಗಿ ಅಲ್ಲ. ಪ್ಯಾರಾಸಿಟಮಾಲ್, ಐಬುಪ್ರೊಫೆನ್‌ಗಳು ಇಲ್ಲಿ ಬಹುಪಾಲು ನಾಶವಾಗುತ್ತವೆ. ನೋವಿನ ಔಷಧವಾದ ಡೈಕ್ಲೊಫಿನಾಕ್ ಅರೆಬರೆ ಉಳಿಯುತ್ತದೆ. ಮೂರ್ಛೆರೋಗದ ಕಾರ್ಬಮಜೆಪೀನ್ ಹೆಚ್ಚುಕಡಿಮೆ ಹಾಗೆಯೇ ದಾಟಿಬಿಡುತ್ತದೆ. ಕಣ್ಣಿಗೆ ತಿಳಿಯಾದ ನೀರೆಲ್ಲ ಶುದ್ಧವಲ್ಲವೆಂಬುದು ಇದರಿಂದ ವಿದಿತವಾಗುವುದು.

ನದಿಯಲ್ಲಿ ಕಂಡುದು

2021ರಲ್ಲಿ ಮದ್ರಾಸಿನ ಐ.ಐ.ಟಿ. ಸಂಶೋಧಕರು ತಮಿಳುನಾಡಿನಲ್ಲಿ ಹರಿಯುವ ಕಾವೇರಿಯ ನೀರಿನಲ್ಲಿ ನೋವು ನಿವಾರಕ, ರಕ್ತದೊತ್ತಡದ ಔಷಧ, ಪ್ರತಿಜೈವಿಕ ಮುಂತಾದವುಗಳ ಶೇಷವನ್ನು ಕಂಡರು. 2022ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವು 104 ದೇಶಗಳ 258 ನದಿಗಳನ್ನು ಪರೀಕ್ಷಿಸಿತು. ಮೆಟ್‌ಫಾರ್ಮಿನ್ ಮತ್ತು ಕಾರ್ಬಮಜೆಪೀನ್‌ಗಳು ಅರ್ಧಕ್ಕಿಂತ ಹೆಚ್ಚು ಸ್ಥಳಗಳಲ್ಲಿ ದೊರೆತವು.

ಇಷ್ಟು ಅಲ್ಪ ಪ್ರಮಾಣದಿಂದ ಏನಾದೀತು ಎನ್ನಬಹುದು. ಕೆನಡಾ ದೇಶದಲ್ಲಿ 2001ರಿಂದ 2003ರವರೆಗೆ ಒಂದು ಸರೋವರಕ್ಕೆ ಗರ್ಭನಿರೋಧಕ ಗುಳಿಗೆಯಲ್ಲಿರುವ ಹಾರ್ಮೋನನ್ನು ಬೆರೆಸಿ ನೋಡಿದರು. ಅದು ಲೀಟರಿಗೆ ಐದಾರು ನ್ಯಾನೋಗ್ರಾಂ ಮಾತ್ರ. ಒಂದು ಗ್ರಾಂ ಎಂದರೆ ನೂರು ಕೋಟಿ ನ್ಯಾನೋಗ್ರಾಂ. ಅಷ್ಟಕ್ಕೇ ಗಂಡುಮೀನುಗಳ ದೇಹದಲ್ಲಿ ಮೊಟ್ಟೆಯ ಪ್ರೋಟೀನು ಉಂಟಾಗಿ, ಒಂದು ಜಾತಿಯ ಸಣ್ಣ ಮೀನಿನ ಸಂತತಿಯೇ ಅಲ್ಲಿ ನಶಿಸುವಂತಾಯಿತು. ಬೆರೆಸುವುದನ್ನು ನಿಲ್ಲಿಸಿದ ಕೆಲವು ವರ್ಷಗಳ ಮೇಲೆ ಅದು ಚೇತರಿಸಿಕೊಂಡಿತೆಂಬುದು ಸಮಾಧಾನದ ಸಂಗತಿ.

ಹೈದರಾಬಾದಿನ ಬಳಿಯ ಪಟಂಚೆರುವಿನ ವಿಷಯ ಇನ್ನೂ ಘೋರವಾದುದು. ಅಲ್ಲಿ ಔಷಧ ಕಾರ್ಖಾನೆಗಳ ನೀರನ್ನು ಶುದ್ಧೀಕರಿಸಿ ಬಿಡುತ್ತಿದ್ದ ಕಡೆ, ಸಿಪ್ರೊಫ್ಲಾಕ್ಸಸಿನ್ ಎಂಬ ಪ್ರತಿಜೈವಿಕವು ಲೀಟರಿಗೆ 31 ಮಿಲಿಗ್ರಾಂವರೆಗೆ ಇದ್ದಿತೆಂದು 2007ರಲ್ಲಿ ವರದಿಯಾಯಿತು. ಆ ಔಷಧವನ್ನು ಸೇವಿಸಿದ ರೋಗಿಯ ರಕ್ತದಲ್ಲಿಯೂ ಅಷ್ಟಿರುವುದಿಲ್ಲ! ಇಂತಹ ನೀರಿನಲ್ಲಿ ಬದುಕಿ ಉಳಿದ ರೋಗಾಣುಗಳು ಔಷಧಕ್ಕೆ ಬಗ್ಗವು. ಮುಂದೆ ನಮಗೆ ಜ್ವರ ಬಂದಾಗ ಮಾತ್ರೆಯು ಕೆಲಸ ಮಾಡದಿದ್ದರೆ ಯಾರನ್ನು ದೂರುವುದು?

ಪರಿಹಾರ

ಹಾಗೆಂದು ಔಷಧವನ್ನೇ ಬಿಡಬೇಕೆ? ಎಂದಿಗೂ ಕೂಡದು. ಅಜ್ಜಿ ಇಂದು ನಡೆದಾಡುತ್ತಿರುವುದೇ ಆ ಮಾತ್ರೆಗಳಿಂದ. ಮಾಡಬೇಕಾದುದು ಬೇರೆ. ಸ್ವಿಟ್ಜರ್ಲೆಂಡ್ 2016ರಿಂದ ತನ್ನ ಆಯ್ದ ಶುದ್ಧೀಕರಣ ಘಟಕಗಳಿಗೆ ಓಜೋನ್ ಅಥವಾ ಇದ್ದಲಿನ ಇನ್ನೊಂದು ಹಂತವನ್ನು ಸೇರಿಸುತ್ತಿದೆ. ಐರೋಪ್ಯ ಒಕ್ಕೂಟವು 2024ರಲ್ಲಿ, ಇಂತಹ ಹಂತದ ವೆಚ್ಚದಲ್ಲಿ ಶೇಕಡ 80ಕ್ಕೆ ಕಡಿಮೆಯಿಲ್ಲದಷ್ಟನ್ನು ಔಷಧ ಮತ್ತು ಸೌಂದರ್ಯಸಾಧನಗಳ ತಯಾರಕರೇ ಭರಿಸಬೇಕೆಂದು ವಿಧಿಸಿತು. ನಮ್ಮಲ್ಲಿ 2018ರಿಂದ ಬೆಂಗಳೂರಿನ ಕೊಳಚೆನೀರನ್ನು ಎರಡು ಹಂತ ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ. ಮೂರನೆಯ ಹಂತವೂ ಬೇಕೆಂದು ಅಲ್ಲಿಯ ಜನರು ಕೇಳಿದುದು ಅತಿಯಾದ ಬೇಡಿಕೆಯೆಂದು ನನಗೆ ಅನ್ನಿಸುವುದಿಲ್ಲ.

ನಮ್ಮ ಜಿಲ್ಲೆಗೂ ಇದು ಹೊರಗಿನ ಮಾತಲ್ಲ. ಗುಂಡ್ಲುಪೇಟೆಯ ಗುಂಡ್ಲು ಹೊಳೆ ಕಬಿನಿಗೆ, ಕಬಿನಿಯೂ ಸುವರ್ಣಾವತಿಯೂ ಕಾವೇರಿಗೆ ಸೇರುತ್ತವೆ. ಕಬಿನಿಯ ನೀರನ್ನೇ ಏತದಿಂದೆತ್ತಿ ನಮ್ಮ ಕಡೆಯ ಕೆರೆಗಳಿಗೆ ತುಂಬಿಸುವ ಯೋಜನೆಗಳಿವೆ. ಪಟ್ಟಣವು ಹೊಳೆಗೆ ಬಿಟ್ಟುದು ಹಳ್ಳಿಯ ಕೆರೆಗೆ ಬರುವುದು ದೂರದ ಮಾತೇನಲ್ಲ.

ಮಿತ್ರರೆ, ಘಟಕ ಕಟ್ಟುವುದು ಸರಕಾರದ ಕೆಲಸ. ಆದರೆ ಉಳಿದ ಮಾತ್ರೆಗಳನ್ನು ಬಚ್ಚಲಿಗೆ ಸುರಿಯದಿರುವುದು, ವೈದ್ಯರ ಚೀಟಿಯಿಲ್ಲದೆ ಪ್ರತಿಜೈವಿಕವನ್ನು ಕೊಳ್ಳದಿರುವುದು ನಮ್ಮ ಕೈಯಲ್ಲಿದೆ. ನೆರೆಯ ಕೇರಳದಲ್ಲಿ 2025ರಲ್ಲಿ ಬಳಸದ ಔಷಧಗಳನ್ನು ಮನೆಗಳಿಂದ ಸಂಗ್ರಹಿಸುವ ಏರ್ಪಾಡು ಕೋಳಿಕ್ಕೋಡಿನಲ್ಲಿ ಮೊದಲಾಯಿತು. ನಮ್ಮ ಕಾಲೇಜಿನ ಎನ್.ಎಸ್.ಎಸ್. ಘಟಕವು ಅಂತಹುದೊಂದು ಪೆಟ್ಟಿಗೆಯನ್ನಿಟ್ಟು, ಸರಕಾರಿ ಆಸ್ಪತ್ರೆಯವರೊಡನೆ ಮಾತನಾಡಬಾರದೇಕೆ?

ಮೊನ್ನೆ ಊರಿಗೆ ಹೋದಾಗ ಅಜ್ಜಿಗೆ ಉತ್ತರ ಹೇಳಿದೆ: "ಸುತ್ತಿ ಬಳಸಿ ಕೆರೆಗೇ ಬಂದದು ಅಜ್ಜಿ." ಅವಳು ಕೊಂಚ ಹೊತ್ತು ಸುಮ್ಮನಿದ್ದು, "ಹಂಗಾರ ನೀನು ಓದುದ್ದು ನಾಕ್ ಜನಕ್ಕ ಹೇಳು" ಎಂದಳು. ಆ ಅಪ್ಪಣೆಯೇ ಈ ಲೇಖನ.