ಎಳೆಯ ತಟ್ಟು ಕುದುರೆಯನ್ನು ಸವಾರಿಗೆ ಪಳಗಿಸುವ ಕ್ರಮ

ಹೊಸದಾಗಿ ತಂದ ಎಳೆಯ ತಟ್ಟು ಕುದುರೆಯನ್ನು ಎರಡು ಮೂರು ವಾರಗಳವರೆಗೆ ಬೇರೆ ಕುದುರೆಗಳಿಂದ ದೂರವಾಗಿ ಕಟ್ಟತಕ್ಕದ್ದು. ಮೇವನ್ನು 7ರಿಂದ 10 ದಿನಗಳಲ್ಲಿ ಸ್ವಲ್ಪಸ್ವಲ್ಪವಾಗಿ ಬದಲಾಯಿಸಬೇಕು. ಒಮ್ಮೆಲೇ ಬದಲಾಯಿಸಿದರೆ ಪ್ರಾಣಾಂತಿಕವಾದ ಹೊಟ್ಟೆಶೂಲೆ ಬರಬಹುದು.

ಸವಾರಿಗೆ ಮುಂಚೆ ಹಲ್ಲುಗಳನ್ನು ಪರೀಕ್ಷಿಸಬೇಕು. ಮುಂಬಾಯಿಯ ನಡುಜೋಡಿಯ ಹಾಲುಹಲ್ಲುಗಳು ಸುಮಾರು 2½ ವರ್ಷಕ್ಕೂ, ಪಕ್ಕದ ಜೋಡಿ 3½ ವರ್ಷಕ್ಕೂ, ಅಂಚಿನ ಜೋಡಿ 4½ ವರ್ಷಕ್ಕೂ ಬಿದ್ದು ಹೊಸವು ಹುಟ್ಟುವುವು. ಎರಡನೆಯ ಜೋಡಿ ಹುಟ್ಟುವವರೆಗೆ ಅದರ ಮೇಲೆ ಹತ್ತಕೂಡದು.

ಮೊದಲು ಹಗ್ಗ ಹಿಡಿದು ನಡೆಸುವುದನ್ನು, ತರುವಾಯ ಬರಿಯ ಜೀನನ್ನು, ಕಡೆಗೆ ಸವಾರನನ್ನು ರೂಢಿಮಾಡಿಸಬೇಕು. ಬೆನ್ನೆಲುಬು ಪೂರ್ಣವಾಗಿ ಬಲಿಯುವುದು ಐದು ವರ್ಷ ಕಳೆದ ಮೇಲೆಯೇ. ಆದಕಾರಣ ಸವಾರನೂ ಜೀನೂ ಸೇರಿ ಕುದುರೆಯ ತೂಕದ ಐದರಲ್ಲೊಂದು ಪಾಲಿಗಿಂತ ಕಡಿಮೆಯಿರಬೇಕು. ಮೊದಮೊದಲ ಸವಾರಿಯು ಕಾಲುಗಂಟೆಯನ್ನು ಮೀರಕೂಡದು. ಅವಸರದಿಂದ ಬೆನ್ನಿಗೊದಗಿದ ಊನವನ್ನು ಮುಂದೆ ಸರಿಪಡಿಸುವುದು ಕಷ್ಟಸಾಧ್ಯ.