ಕಣಕ್ಕಿಳಿಯುವ ಮುನ್ನ

1952ನೆಯ ಇಸವಿ ಆಗಸ್ಟ್ 2. ಫಿನ್ಲೆಂಡಿನ ರಾಜಧಾನಿಯಾದ ಹೆಲ್ಸಿಂಕಿ ನಗರದಲ್ಲಿ ಒಲಿಂಪಿಕ್ ಕ್ರೀಡೆಗಳು ಮುಕ್ತಾಯದ ಘಟ್ಟವನ್ನು ಮುಟ್ಟಿದ್ದವು. ಮುಷ್ಟಿಯುದ್ಧದ ಭಾರೀ ತೂಕದ ವಿಭಾಗದಲ್ಲಿ ಅಂತಿಮ ಸ್ಪರ್ಧೆಗೆ ನಿಂತವರು ಇಬ್ಬರು. ಒಬ್ಬನು ಅಮೆರಿಕದ ಎಡ್ ಸ್ಯಾಂಡರ್ಸ್. ಆರಡಿ ನಾಲ್ಕು ಅಂಗುಲದ ಆಜಾನುಬಾಹು. ಇನ್ನೊಬ್ಬನು ಸ್ವೀಡನ್ನಿನ ಇಂಗೆಮಾರ್ ಯೋಹಾನ್ಸನ್. ಅವನಿಗೆ ಇನ್ನೂ 20 ವರ್ಷ ತುಂಬಿರಲಿಲ್ಲ. ಹವ್ಯಾಸಿಗಳ ಪಂದ್ಯವೆಂದರೆ ಮೂರು ಮೂರು ನಿಮಿಷಗಳ ಮೂರು ಸುತ್ತುಗಳು, ನಡುವೆ ಒಂದೊಂದು ನಿಮಿಷದ ವಿಶ್ರಾಂತಿ. ಗಂಟೆ ಬಾರಿಸಿತು. ಇಂಗೆಮಾರ್ ಹಿಂದೆ ಸರಿದನು. ಮತ್ತೆ ಸರಿದನು. ಕಣದ ಅಂಚಿನಲ್ಲಿಯೇ ಸುತ್ತತೊಡಗಿದನು. ಹೊಡೆಯಲೆಂದು ಅವನು ಕೈ ಎತ್ತಿದ್ದೇ ಅಪರೂಪ. ಎರಡನೆಯ ಸುತ್ತು ನಡೆಯುತ್ತಿರುವಾಗಲೇ ತೀರ್ಪುಗಾರನು ಪಂದ್ಯವನ್ನು ನಿಲ್ಲಿಸಿ, ಈತನು ಕಾದಲು ಯತ್ನಿಸುತ್ತಿಲ್ಲವೆಂದು ಅವನನ್ನು ಅನರ್ಹನೆಂದು ಸಾರಿದನು. ಸ್ಯಾಂಡರ್ಸನಿಗೆ ಚಿನ್ನದ ಪದಕವಾಯಿತು. ಸೋತವನಿಗೆ ಸಲ್ಲಬೇಕಾದ ಬೆಳ್ಳಿಯ ಪದಕವನ್ನು ತಡೆಹಿಡಿಯಲಾಯಿತು. ಸ್ವದೇಶದ ಪತ್ರಿಕೆಗಳೇ ಅವನನ್ನು ಹೇಡಿಯೆಂದು ಜರೆದವು.

ಅಂದು ಅವನ ಎದೆಯೊಳಗೆ ಏನಿದ್ದಿತು? ಎದುರಾಳಿಯನ್ನು ಎರಡು ಸುತ್ತು ಓಡಾಡಿಸಿ ದಣಿಸಿ, ಮೂರನೆಯ ಸುತ್ತಿನಲ್ಲಿ ಮೇಲೆ ಬೀಳುವುದು ತನ್ನ ಉಪಾಯವಾಗಿತ್ತೆಂದು ಅವನು ಮುಂದೆಯೂ ಹೇಳುತ್ತಿದ್ದನು. ಅದು ಸುಳ್ಳೆನ್ನಲು ಆಧಾರವಿಲ್ಲ. ಆದರೆ ಹೊಂಚುಹಾಕಿ ಹಿಂದೆ ಸರಿಯುವವನಿಗೂ ಹೆದರಿ ಹಿಂದೆ ಸರಿಯುವವನಿಗೂ ನೋಡುವವರ ಕಣ್ಣಿಗೆ ಭೇದ ಕಾಣದು. ತೀರ್ಪುಗಾರನು ಕಾಲಿನ ನಡೆಯನ್ನು ನೋಡಬಲ್ಲನೇ ಹೊರತು ಎದೆಯ ಬಡಿತವನ್ನು ಎಣಿಸಲಾರನು.

ಅದೇ ಕೂಟದಲ್ಲಿ ಮಧ್ಯಮ ತೂಕದ ವಿಭಾಗದ ಚಿನ್ನವನ್ನು ಗೆದ್ದವನು 17 ವರ್ಷದ ಒಬ್ಬ ಹುಡುಗ. ಅವನ ಹೆಸರು ಫ್ಲಾಯ್ಡ್ ಪ್ಯಾಟರ್ಸನ್. ಅಂತಿಮ ಪಂದ್ಯದಲ್ಲಿ ರುಮೇನಿಯದ ಸ್ಪರ್ಧಿಯನ್ನು ಅವನು ಮೊದಲ ಸುತ್ತಿನಲ್ಲಿಯೇ ನೆಲಕ್ಕುರುಳಿಸಿದನು. ಇವನು ಹುಟ್ಟು ಧೈರ್ಯಶಾಲಿಯೆಂದು ಅಂದು ಕಂಡವರು ಎಣಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದ ಬಡಕುಟುಂಬವೊಂದರಲ್ಲಿ ಬೆಳೆದ ಈ ಹುಡುಗನು ಬಾಲ್ಯದಲ್ಲಿ ಯಾರ ಮುಖವನ್ನೂ ನೆಟ್ಟಗೆ ನೋಡಲಾರದಷ್ಟು ಅಂಜುಬುರುಕನಾಗಿದ್ದನು. ಶಾಲೆಯನ್ನು ತಪ್ಪಿಸಿ, ನೆಲದಡಿಯ ರೈಲುಹಾದಿಯ ಬದಿಯಲ್ಲಿ ಕೆಲಸಗಾರರು ಹತಾರಗಳನ್ನಿಡುತ್ತಿದ್ದ ಕತ್ತಲೆಯ ಕೋಣೆಯೊಂದರಲ್ಲಿ ಅಡಗಿ ಕುಳಿತಿರುತ್ತಿದ್ದನು. ತೊಂದರೆಗೊಳಗಾದ ಬಾಲಕರಿಗಾಗಿ ಇದ್ದ ವಿಲ್ಟ್‌ವಿಕ್ ಎಂಬ ಶಾಲೆ ಅವನಿಗೆ ಮೊದಲ ಆಸರೆಯಾಯಿತು. 14ರ ವಯಸ್ಸಿಗೆ ಅವನು ಮುಷ್ಟಿಯುದ್ಧದ ಶಿಕ್ಷಕನಾದ ಕಸ್ ಡಮಾಟೋ ಎಂಬವನ ಬಳಿ ಸೇರಿದನು.

ಡಮಾಟೋವಿನ ಪಾಠ ವಿಲಕ್ಷಣವಾದುದು. ಹೆದರಬೇಡ ಎಂದು ಆತನು ಶಿಷ್ಯರಿಗೆ ಹೇಳುತ್ತಿರಲಿಲ್ಲ. ಹೆದರಿಕೆ ಬಂದೇ ಬರುತ್ತದೆ, ಬರದಿದ್ದರೆ ಅದೇ ವಿಚಿತ್ರ ಎನ್ನುತ್ತಿದ್ದನು. ಅಂಜಿಕೆ ಬೆಂಕಿಯಂತೆ, ಹತೋಟಿಯಲ್ಲಿದ್ದರೆ ಅಡಿಗೆ ಬೇಯಿಸುತ್ತದೆ, ಮೈ ಬೆಚ್ಚಗಿಡುತ್ತದೆ, ಕೈಮೀರಿದರೆ ಮನೆಯನ್ನೇ ಸುಡುತ್ತದೆ ಎಂಬುದು ಆತನ ಉಪದೇಶ. ವೀರನಿಗೂ ಹೇಡಿಗೂ ಒಳಗೆ ಆಗುವ ಅನುಭವ ಒಂದೇ, ಅವರು ಮಾಡುವ ಕಾರ್ಯ ಮಾತ್ರ ಬೇರೆ ಎಂದೂ ಆತನು ಹೇಳುತ್ತಿದ್ದನು. ಮೊದಲ ಪಂದ್ಯಕ್ಕೆ ಸಿದ್ಧನಾಗುವ ಹುಡುಗನಿಗೆ ಮುಂದಾಗುವುದನ್ನೆಲ್ಲ ಆತನು ಮುಂಚಿತವಾಗಿಯೇ ವಿವರಿಸುತ್ತಿದ್ದನು: ಹಿಂದಿನ ರಾತ್ರಿ ನಿದ್ದೆ ಹತ್ತುವುದಿಲ್ಲ, ಎದುರಾಳಿ ಕಣ್ಣಿಗೆ ಬಿದ್ದಾಗ ಇದ್ದುದಕ್ಕಿಂತ ಬಲಿಷ್ಠನಾಗಿಯೂ ನಿಶ್ಚಿಂತನಾಗಿಯೂ ಕಾಣುತ್ತಾನೆ, ಇಲ್ಲಿಗೆ ಯಾಕಾದರೂ ಬಂದೆನೋ ಎನ್ನಿಸುತ್ತದೆ. ಹೀಗೆ ಮೊದಲೇ ಕೇಳಿ ತಿಳಿದವನಿಗೆ, ಆ ಗಳಿಗೆ ಬಂದಾಗ, ತನಗೊಬ್ಬನಿಗೇ ಈ ದೌರ್ಬಲ್ಯವೆಂಬ ನಾಚಿಕೆಯಾದರೂ ತಪ್ಪುತ್ತದೆ. ಅರ್ಧ ಭಾರ ಇಳಿಯುವುದು ಅಲ್ಲಿಯೇ.

ಶರೀರಶಾಸ್ತ್ರವೂ ಈ ಮಾತಿಗೆ ಬೆಂಬಲ ಕೊಡುತ್ತದೆ. ಭಯ, ಕೋಪ, ಹಸಿವು, ನೋವುಗಳಲ್ಲಿ ದೇಹದೊಳಗೆ ಆಗುವ ಮಾರ್ಪಾಟುಗಳನ್ನು ಕುರಿತು ಅಮೆರಿಕದ ವಿಜ್ಞಾನಿ ವಾಲ್ಟರ್ ಕ್ಯಾನನ್ 1915ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದನು. ಅಪಾಯದ ಸುಳಿವು ಸಿಕ್ಕೊಡನೆ, ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಎರಡು ಪುಟ್ಟ ಗ್ರಂಥಿಗಳು ಅಡ್ರಿನಲಿನ್ ಎಂಬ ದ್ರವ್ಯವನ್ನು ರಕ್ತಕ್ಕೆ ಬಿಡುತ್ತವೆ. ಹೃದಯ ಬೇಗಬೇಗನೆ ಬಡಿಯುತ್ತದೆ. ಉಸಿರು ತೀವ್ರವಾಗುತ್ತದೆ. ಜೀರ್ಣಾಂಗಗಳಿಗೆ ಹರಿಯುತ್ತಿದ್ದ ರಕ್ತದ ಬಹುಭಾಗ ತೋಳು ತೊಡೆಗಳ ಸ್ನಾಯುಗಳ ಕಡೆಗೆ ತಿರುಗುತ್ತದೆ. ಹೊಟ್ಟೆ ತೊಳಸಿದಂತಾಗುವುದು, ಬಾಯಿ ಒಣಗುವುದು, ಅಂಗೈ ಬೆವರುವುದು, ಮೊಣಕಾಲು ನಡುಗುವುದು ಇವೆಲ್ಲ ಆ ಏರ್ಪಾಟಿನ ಹೊರಗುರುತುಗಳು. ಕಾದುವುದಕ್ಕಾಗಲಿ ಓಡುವುದಕ್ಕಾಗಲಿ ಬೇಕಾದ ಶಕ್ತಿಯನ್ನು ದೇಹ ತಾನಾಗಿಯೇ ಕೂಡಿಹಾಕುತ್ತಿರುತ್ತದೆ.

ತೊಡಕು ಇರುವುದು ಕಾಯುವುದರಲ್ಲಿ. ಹುಲಿಯ ವಾಸನೆ ಹಿಡಿದ ಜಿಂಕೆ ಆ ಕ್ಷಣವೇ ನೆಗೆದು ಓಡುತ್ತದೆ. ಕೂಡಿದ ಶಕ್ತಿ ಅಲ್ಲಿಯೇ ವೆಚ್ಚವಾಗುತ್ತದೆ. ಮುಷ್ಟಿಯುದ್ಧದ ಹುಡುಗನಿಗಾದರೋ ಬೆಳಿಗ್ಗೆ ತೂಕ ನೋಡುತ್ತಾರೆ. ಪಂದ್ಯ ಬಹುಕಾಲದ ಮೇಲೆ ಬರುತ್ತದೆ. ಒಲೆ ಧಗಧಗನೆ ಉರಿಯುತ್ತಿದೆ, ಮೇಲೆ ಪಾತ್ರೆಯಿಲ್ಲ. ತಂಡದ ಆಟಗಳಲ್ಲಿ ಪಕ್ಕದವನ ಹೆಗಲಿನ ಆಸರೆ ಉಂಟು. ಇಲ್ಲಿ ಹಗ್ಗ ದಾಟಿ ಒಳಗೆ ಹೋದ ಮೇಲೆ ಒಬ್ಬನೇ. ಆ ಬಿಡುವಿನ ಹೊತ್ತಿನಲ್ಲಿ ಕಲ್ಪನೆಯೆಂಬುದು ಎದುರಾಳಿಯನ್ನು ಗಳಿಗೆಗೊಂದು ಗೇಣು ಬೆಳೆಸುತ್ತ ಹೋಗುತ್ತದೆ.

ಇಂಥ ಸ್ಥಿತಿಯಲ್ಲಿ ಸಿಕ್ಕಿಬಿದ್ದವನ ಕಥೆ ಕನ್ನಡಿಗರಿಗೆ ಅಪರಿಚಿತವಾದುದಲ್ಲ. ಒಲೆಯ ಮುಂದೆ ಪೌರುಷ ಕೊಚ್ಚಿದ ಉತ್ತರಕುಮಾರನನ್ನು ನೆನೆದು ನಗದವರಿಲ್ಲ. ಕೌರವಸೇನೆ ಕಣ್ಣಿಗೆ ಬಿದ್ದೊಡನೆ ಅವನು ರಥದಿಂದ ಧುಮುಕಿ ಓಡಿದ್ದು ನಿಜ. ಆದರೆ ಬೃಹನ್ನಳೆಯ ವೇಷದ ಅರ್ಜುನನು ಅಟ್ಟಿಸಿಕೊಂಡು ಹೋಗಿ ಹಿಡಿದು ತಂದ ಮೇಲೆ ಏನು ಮಾಡಿದನು? ಧೈರ್ಯ ಹೇಳಿದ್ದಷ್ಟೇ ಅಲ್ಲ. ಶಮೀವೃಕ್ಷವನ್ನು ಹತ್ತಿ ಆಯುಧಗಳನ್ನು ಇಳಿಸು ಎಂದನು, ಅನಂತರ ಕುದುರೆಗಳ ಹಗ್ಗವನ್ನು ಕೈಗೆ ಕೊಟ್ಟನು. ನಡುಗುತ್ತಿದ್ದ ಕೈಗಳಿಗೆ ಕೆಲಸ ದೊರೆಯಿತು. ಭೀಷ್ಮ ದ್ರೋಣರ ಬಾಣಗಳ ನಡುವೆ ರಥ ನಡೆಸಿದವನು ಆ ಉತ್ತರನೇ. ಮುಂದೆ ಕುರುಕ್ಷೇತ್ರದ ಮೊದಲ ದಿನ ಶಲ್ಯನನ್ನು ಇದಿರಿಸಿ ಮಡಿದವನೂ ಅವನೇ. ಗಾದೆ ಕಟ್ಟಿದವರು ಕಥೆಯನ್ನು ಅರ್ಧಕ್ಕೇ ನಿಲ್ಲಿಸಿಬಿಟ್ಟರು.

ಒಳ್ಳೆಯ ಶಿಕ್ಷಕನು ಪಂದ್ಯದ ದಿನ ಮಾಡುವುದೂ ಇದನ್ನೇ. ಅಂಗೈಗೂ ಬೆರಳಗೆಣ್ಣುಗಳಿಗೂ ಉದ್ದನೆಯ ಬಟ್ಟೆಯ ಪಟ್ಟಿಯನ್ನು ಸುತ್ತುವುದು ಎಲುಬುಗಳ ರಕ್ಷಣೆಗಾಗಿ. ಆದರೆ ಅದನ್ನು ನಿಧಾನವಾಗಿ, ಪ್ರತಿಸಲವೂ ಒಂದೇ ಕ್ರಮದಲ್ಲಿ ಸುತ್ತುತ್ತಿದ್ದರೆ ಮನಸ್ಸಿಗೂ ಒಂದು ಹಿಡಿತ ಸಿಗುತ್ತದೆ. ಬಳಿಕ ಸ್ವಲ್ಪ ಹೊತ್ತು ಹಗ್ಗ ಹಾರುವುದು, ಗಾಳಿಯಲ್ಲಿ ಗುದ್ದುಗಳನ್ನು ಆಡಿಸುವುದು. ಮೈ ಬೆವರುವ ವೇಳೆಗೆ, ಕೂಡಿಕೊಂಡ ಕಾವಿಗೆ ಒಂದು ದಾರಿಯಾಗಿರುತ್ತದೆ. ಉಸಿರಾಟದಲ್ಲಿಯೂ ಗುಟ್ಟಿದೆ. ಉಸಿರನ್ನು ಒಳಗೆಳೆಯುವಾಗ ಹೃದಯದ ಬಡಿತ ತುಸು ಚುರುಕಾಗುತ್ತದೆ, ಹೊರಬಿಡುವಾಗ ನಿಧಾನವಾಗುತ್ತದೆ. ಆದುದರಿಂದ ಎಳೆದುಕೊಂಡುದಕ್ಕಿಂತ ಹೆಚ್ಚು ಹೊತ್ತು ಹೊರಬಿಡುತ್ತ ಹತ್ತಾರು ಸಲ ಉಸಿರಾಡಿದರೆ ತಳಮಳ ಹತೋಟಿಗೆ ಬರುತ್ತದೆ. ಹೊಸಬನು ಗಾಬರಿಯಲ್ಲಿ ಉಸಿರು ಬಿಗಿಹಿಡಿದು ಗುದ್ದುತ್ತಾನೆ. ಮೊದಲ ನಿಮಿಷದಲ್ಲಿಯೇ ತೋಳು ಸೀಸದಂತೆ ಭಾರವಾಗುತ್ತದೆ. ಪ್ರತಿ ಗುದ್ದಿನೊಡನೆ ಉಸಿರನ್ನು ಹೊರಹಾಕಬೇಕೆಂದು ಕಲಿಸುವುದು ಇದಕ್ಕಾಗಿಯೇ. ಮೂಲೆಯಲ್ಲಿ ನಿಂತ ಶಿಕ್ಷಕನ ಮಾತೂ ಆಗ ಚಿಕ್ಕದಾಗಿರಬೇಕು. ಕೈ ಮೇಲಿರಲಿ, ಎಡಗೈ ಮುಂದಿರಲಿ ಎಂಬಷ್ಟು ಸಾಕು. ಗೆಲ್ಲಲೇಬೇಕು, ಊರಿನ ಮಾನ ಉಳಿಸಬೇಕು ಎಂಬಂಥ ಭಾಷಣವು ಹುಡುಗನ ಬೆನ್ನಿಗೆ ಇನ್ನೊಂದು ಮೂಟೆಯನ್ನು ಹೇರಿದಂತೆ.

ಹೀಗೆಂದು, ಅಂಜಿಕೆ ಬರಿಯ ಭ್ರಮೆಯೆಂದು ಹೇಳಿ ಹುಡುಗರನ್ನು ಹುರಿದುಂಬಿಸುವುದು ಸಲ್ಲದು. ಹೆಲ್ಸಿಂಕಿಯಲ್ಲಿ ಚಿನ್ನ ಗೆದ್ದ ಎಡ್ ಸ್ಯಾಂಡರ್ಸ್ ಮುಂದೆ ವೃತ್ತಿಪರನಾಗಿ, 1954ರ ಡಿಸೆಂಬರಿನಲ್ಲಿ ಬಾಸ್ಟನ್ ನಗರದ ಪಂದ್ಯವೊಂದರಲ್ಲಿ ಪೆಟ್ಟು ತಿಂದು ಕುಸಿದನು. ಮತ್ತೆ ಏಳಲಿಲ್ಲ. ಸತ್ತಾಗ ಅವನಿಗೆ 24 ವರ್ಷ. ಈ ಆಟದಲ್ಲಿ ಅಪಾಯವುಂಟು. ಕಣವನ್ನು ಹತ್ತುವುದಿಲ್ಲ ಎಂದು ನಿರ್ಧರಿಸುವ ಹುಡುಗನಿಗೂ ಅವನದೇ ಆದ ವಿವೇಕವಿರಬಹುದು; ಅವನನ್ನು ಹೀಗಳೆಯುವ ಅಧಿಕಾರ ಹೊರಗೆ ಕುಳಿತು ನೋಡುವವರಿಗೆ ಇಲ್ಲ.

ಇತ್ತ ಅವಮಾನ ಹೊತ್ತು ಊರಿಗೆ ಮರಳಿದ ಇಂಗೆಮಾರ್ ಕೈಗವಸನ್ನು ಕಳಚಿಡಲಿಲ್ಲ. ಅದೇ ವರ್ಷ ವೃತ್ತಿಪರರ ಸಾಲಿಗೆ ಸೇರಿ, 1956ರಲ್ಲಿ ಯುರೋಪಿನ ಭಾರೀ ತೂಕದ ಪ್ರಶಸ್ತಿಯನ್ನು ಪಡೆದನು. 1959ರ ಜೂನ್ 26ರಂದು ನ್ಯೂಯಾರ್ಕಿನಲ್ಲಿ ವಿಶ್ವಪ್ರಶಸ್ತಿಗಾಗಿ ಅವನೆದುರು ನಿಂತವನು ಹೆಲ್ಸಿಂಕಿಯ ಆ ಹುಡುಗ, ಫ್ಲಾಯ್ಡ್ ಪ್ಯಾಟರ್ಸನ್. ಮೂರನೆಯ ಸುತ್ತಿನಲ್ಲಿ ಪ್ಯಾಟರ್ಸನ್ ಏಳು ಸಲ ನೆಲಕ್ಕೆ ಬಿದ್ದನು. ಹೇಡಿಯೆಂದು ಜರೆಯಿಸಿಕೊಂಡವನು ವಿಶ್ವವಿಜೇತನಾದನು. ಮರುವರ್ಷ ಪ್ಯಾಟರ್ಸನ್ ಐದನೆಯ ಸುತ್ತಿನಲ್ಲಿ ಅವನನ್ನು ಕೆಡವಿ, ಕಳೆದುಕೊಂಡ ಭಾರೀ ತೂಕದ ವಿಶ್ವಪ್ರಶಸ್ತಿಯನ್ನು ಮರಳಿ ಪಡೆದವರಲ್ಲಿ ಮೊದಲಿಗನೆನಿಸಿದನು.

ಗೆಲುವುಗಳು ಪ್ಯಾಟರ್ಸನ್ನನ ಅಂಜಿಕೆಯನ್ನು ಅಳಿಸಿದವೇ? ಅಳಿಸಲಿಲ್ಲ. 1962ರಲ್ಲಿ ಷಿಕಾಗೋ ನಗರದಲ್ಲಿ ಸಾನಿ ಲಿಸ್ಟನ್ನನ ಎದುರು ಕಾದಲು ಹೋದಾಗ, ಸೋತರೆ ಜನರಿಗೆ ಮುಖ ತೋರುವುದು ಹೇಗೆಂದು ಅವನು ಕೃತಕ ಗಡ್ಡಮೀಸೆಗಳನ್ನು ಮೊದಲೇ ಸಿದ್ಧಪಡಿಸಿಕೊಂಡಿದ್ದನು. ಮೊದಲ ಸುತ್ತಿನಲ್ಲಿಯೇ ಸೋತನು. ಆ ವೇಷದಲ್ಲಿಯೇ ಊರು ಬಿಟ್ಟನು. ಗುದ್ದಿನ ನೋವಿಗಿಂತ ನಾಲ್ಕು ಜನರ ನೋಟ ಅವನಿಗೆ ಕಠಿನವಾಗಿ ತೋರಿತು. ಅದನ್ನು ಅವನು ಮುಚ್ಚಿಡಲೂ ಇಲ್ಲ, ಬಾಯಿಬಿಟ್ಟು ಹೇಳಿಕೊಂಡನು. ಮರುವರ್ಷ ಅದೇ ಲಿಸ್ಟನ್ನನ ಎದುರು ಮತ್ತೆ ಕಣವನ್ನು ಹತ್ತಿದನು, ಮತ್ತೆ ಸೋತನು. ಆಡುವುದನ್ನು ಮಾತ್ರ ಬಿಡಲಿಲ್ಲ.

ಪ್ಯಾಟರ್ಸನ್, ಇಂಗೆಮಾರ್ ಇಬ್ಬರೂ ವಯಸ್ಸಾದ ಮೇಲೆ ಆಪ್ತಮಿತ್ರರಾದರು. ಒಬ್ಬರನ್ನೊಬ್ಬರು ಕಾಣಲು ಸಾಗರ ದಾಟಿ ಹೋಗಿಬರುತ್ತಿದ್ದರು. ಹೆಲ್ಸಿಂಕಿಯಲ್ಲಿ ತಡೆಹಿಡಿದಿದ್ದ ಬೆಳ್ಳಿಯ ಪದಕವನ್ನು ಇಂಗೆಮಾರನಿಗೆ ಒಪ್ಪಿಸಿದ್ದು 1982ರಲ್ಲಿ. ಆಗ ಅವನು ಐವತ್ತರ ಅಂಚಿನಲ್ಲಿದ್ದನು.