ಔಷಧದಾನ ಮತ್ತು ಅಹಿಂಸೆ: ‘ಕಲ್ಯಾಣಕಾರಕ’ದಿಂದ ಇಂದಿನ ಚಿಕಿತ್ಸಾಲಯದವರೆಗೆ

ಜೈನ ಧರ್ಮವು ಶ್ರಾವಕನಿಗೆ ವಿಧಿಸಿರುವ ದಾನಗಳು ನಾಲ್ಕು: ಆಹಾರದಾನ, ಔಷಧದಾನ, ಶಾಸ್ತ್ರದಾನ ಮತ್ತು ಅಭಯದಾನ. ಔಷಧದಾನದಲ್ಲಿ ಉಳಿದ ಮೂರೂ ಅಡಗಿವೆ. ಪಥ್ಯವು ಆಹಾರ; ವೈದ್ಯವಿದ್ಯೆಯು ಶಾಸ್ತ್ರ; ರೋಗಿಯ ಮರಣಭಯವನ್ನು ನೀಗುವುದು ಅಭಯ. ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ದಾನಕ್ಕೆ ದೃಷ್ಟಾಂತರಾದವರನ್ನು ಹೆಸರಿಸುವಾಗ ಔಷಧದಾನದ ಸಂಬಂಧದಲ್ಲಿ ವೃಷಭಸೇನೆಯನ್ನು ಸ್ಮರಿಸಿದ್ದಾರೆ. ರೋಗಪೀಡಿತರಾದ ಸಾಧುಗಳ ಶುಶ್ರೂಷೆಯನ್ನೊಳಗೊಂಡ ವೈಯಾವೃತ್ಯವು ಆರು ಅಂತರಂಗ ತಪಸ್ಸುಗಳಲ್ಲಿ ಒಂದು. ತೀರ್ಥಂಕರ ನಾಮಕರ್ಮಕ್ಕೆ ಕಾರಣವಾದ ಷೋಡಶ ಭಾವನೆಗಳಲ್ಲಿಯೂ ಅದಕ್ಕೆ ಸ್ಥಾನವಿದೆ.

ಆದರೆ ಅಹಿಂಸೆಯನ್ನೇ ಪರಮಧರ್ಮವೆಂದು ನಂಬಿದ ಮನೆಯಲ್ಲಿ ಔಷಧವು ಒಮ್ಮೊಮ್ಮೆ ಸಂದೇಹವನ್ನೂ ತರುತ್ತದೆ. ಕ್ಯಾಪ್ಸೂಲಿನ ಹೊರಕವಚ ಯಾವುದರಿಂದ ಆದುದು? ಚುಚ್ಚುಮದ್ದು ಯಾವ ಪ್ರಾಣಿಯ ದೇಹದಿಂದ ಬಂದುದು? ಸೂರ್ಯಾಸ್ತದ ನಂತರ ಮಾತ್ರೆ ನುಂಗಬಹುದೆ? ಈ ಸಂದೇಹಗಳನ್ನು ವೈದ್ಯರ ಮುಂದೆ ಹೇಳಲು ಸಂಕೋಚಪಟ್ಟು, ಮನೆಯವರಿಗೂ ತಿಳಿಸದೆ ಔಷಧವನ್ನೇ ಬಿಟ್ಟುಬಿಡುವ ಹಿರಿಯರುಂಟು. ಇದರಿಂದ ವ್ರತಕ್ಕೂ ದೇಹಕ್ಕೂ ಹಾನಿಯೇ ಆಗುತ್ತದೆ. ಸುಮಾರು ಹನ್ನೊಂದೂವರೆ ಶತಮಾನಗಳ ಹಿಂದೆ ಇದೇ ಬಗೆಯ ಪ್ರಶ್ನೆಯನ್ನು ಎದುರಿಸಿ ಉತ್ತರ ಕೊಟ್ಟ ಜೈನಾಚಾರ್ಯರೊಬ್ಬರ ಕೃತಿಯು ಇಂದಿಗೂ ದಾರಿ ತೋರಬಲ್ಲುದು.

ಪ್ರಾಣಾವಾಯದ ಪರಂಪರೆ

ಜೈನ ಸಂಪ್ರದಾಯದಂತೆ ವೈದ್ಯವಿದ್ಯೆಯ ಮೂಲವು ಜಿನವಾಣಿಯಲ್ಲಿಯೇ ಇದೆ. ದ್ವಾದಶಾಂಗಗಳಲ್ಲಿ ಕೊನೆಯದಾದ ದೃಷ್ಟಿವಾದದೊಳಗೆ ಹದಿನಾಲ್ಕು ಪೂರ್ವಗಳಿದ್ದು, ಅವುಗಳಲ್ಲಿ ಹನ್ನೆರಡನೆಯದು ‘ಪ್ರಾಣಾವಾಯ’. ಅಷ್ಟಾಂಗ ಆಯುರ್ವೇದವು ಇದರ ವಿಷಯವೆಂದು ಆಚಾರ್ಯರು ಹೇಳುತ್ತಾರೆ. ಆ ಪೂರ್ವವು ಇಂದು ಉಪಲಬ್ಧವಿಲ್ಲ. ಆದರೆ ಅದರ ಪರಂಪರೆಯನ್ನು ಮುಂದುವರಿಸಿದವರ ನಾಮಾವಳಿಯನ್ನು ಒಂದು ಗ್ರಂಥವು ಕಾಪಾಡಿಕೊಂಡಿದೆ. ಅದೇ ಉಗ್ರಾದಿತ್ಯಾಚಾರ್ಯರ ‘ಕಲ್ಯಾಣಕಾರಕ’.

ಕಣ್ಣು, ಕಿವಿ, ಮೂಗುಗಳ ಚಿಕಿತ್ಸೆಯಾದ ಶಾಲಾಕ್ಯವನ್ನು ಪೂಜ್ಯಪಾದರೂ, ಶಸ್ತ್ರಚಿಕಿತ್ಸೆಯಾದ ಶಲ್ಯತಂತ್ರವನ್ನು ಪಾತ್ರಸ್ವಾಮಿಗಳೂ, ವಿಷಚಿಕಿತ್ಸೆಯನ್ನು ಸಿದ್ಧಸೇನರೂ, ಕಾಯಚಿಕಿತ್ಸೆಯನ್ನು ದಶರಥಗುರುಗಳೂ, ಶಿಶುವೈದ್ಯವನ್ನು ಮೇಘನಾದರೂ, ರಸಾಯನಾದಿಗಳನ್ನು ಸಿಂಹನಾದರೂ ನಿರೂಪಿಸಿದ್ದರೆಂದು ಉಗ್ರಾದಿತ್ಯರು ತಿಳಿಸುತ್ತಾರೆ. ಈ ಎಂಟೂ ಅಂಗಗಳನ್ನು ವಿಸ್ತಾರವಾಗಿ ಹೇಳಿದವರು ಸಮಂತಭದ್ರರು ಎಂಬುದು ಅವರ ಮಾತು. ಒಬ್ಬೊಬ್ಬ ಮುನಿಯೂ ಒಂದೊಂದು ಅಂಗದಲ್ಲಿ ಪರಿಣತರಾಗಿದ್ದರೆಂಬ ಈ ವಿವರದಿಂದ, ವೈದ್ಯವು ಗುರುಮುಖದಿಂದ ಕಲಿಯಬೇಕಾದ ಶಿಸ್ತಿನ ವಿದ್ಯೆಯೆಂಬ ತಿಳಿವಳಿಕೆ ಅಂದೇ ಇದ್ದುದು ಸ್ಪಷ್ಟವಾಗುತ್ತದೆ.

ರಾಮಗಿರಿಯಿಂದ ಮಾನ್ಯಖೇಟಕ್ಕೆ

ಉಗ್ರಾದಿತ್ಯರ ಗುರುಗಳು ಶ್ರೀನಂದಿ ಆಚಾರ್ಯರು. ವೇಂಗಿಯ ಅರಸರಿಗೆ ಸೇರಿದ ತ್ರಿಕಳಿಂಗ ದೇಶದ ರಾಮಗಿರಿಯ ಜಿನಾಲಯದಲ್ಲಿ ಗ್ರಂಥರಚನೆ ನಡೆಯಿತು. ಸಂಸ್ಕೃತದಲ್ಲಿರುವ ಈ ಕೃತಿಯಲ್ಲಿ ಇಪ್ಪತ್ತೈದು ಪರಿಚ್ಛೇದಗಳೂ, ಕೊನೆಗೆ ರಿಷ್ಟಾಧ್ಯಾಯ ಮತ್ತು ಹಿತಾಹಿತಾಧ್ಯಾಯಗಳೆಂಬ ಎರಡು ಪರಿಶಿಷ್ಟಗಳೂ ಇವೆ.

ಚರಕ ಮತ್ತು ಸುಶ್ರುತ ಸಂಹಿತೆಗಳು ಅನೇಕ ರೋಗಗಳಲ್ಲಿ ಮಾಂಸರಸವನ್ನು ಪಥ್ಯವಾಗಿ ಹೇಳಿವೆ. ಮದ್ಯದ ಉಪಯೋಗವೂ ಅವುಗಳಲ್ಲಿದೆ. ಆ ಶಾಸ್ತ್ರವನ್ನು ಜೈನ ವೈದ್ಯನು ಹೇಗೆ ಸ್ವೀಕರಿಸಬೇಕು? ಶಾಸ್ತ್ರವನ್ನೇ ತ್ಯಜಿಸಿದರೆ ರೋಗಿಗೆ ಗತಿಯಿಲ್ಲ. ಇದ್ದಂತೆ ಒಪ್ಪಿದರೆ ಅಣುವ್ರತವು ಉಳಿಯದು. ಉಗ್ರಾದಿತ್ಯರು ಮೊದಲು ಶಾಸ್ತ್ರವನ್ನು ಆಮೂಲಾಗ್ರವಾಗಿ ಕಲಿತರು. ವಾತಪಿತ್ತಕಫಗಳ ವಿಚಾರ, ರೋಗನಿದಾನ, ಪಥ್ಯಾಪಥ್ಯ ಮುಂತಾದುವನ್ನು ಉಳಿಸಿಕೊಂಡು, ಮಾಂಸಮದ್ಯಗಳ ಹಂಗಿಲ್ಲದ ಚಿಕಿತ್ಸಾಕ್ರಮವನ್ನು ರೂಪಿಸಿದರು. ಅನಂತರವೇ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ (ಕ್ರಿ.ಶ. 814–878) ಸಭೆಯಲ್ಲಿ ವಿದ್ವಾಂಸರ ಸಮಕ್ಷಮ ಮಾಂಸವು ಔಷಧವಾಗಿ ನಿಷ್ಫಲವೆಂದು ಪ್ರತಿಪಾದಿಸಿದರು. ಆ ವಾದವೇ ಹಿತಾಹಿತಾಧ್ಯಾಯ.

ಇಲ್ಲಿ ಕ್ರಮವು ಗಮನಾರ್ಹ. ಇಪ್ಪತ್ತೈದು ಪರಿಚ್ಛೇದಗಳಷ್ಟು ಬದಲಿ ಚಿಕಿತ್ಸೆಯನ್ನು ಕೈಯಲ್ಲಿ ಹಿಡಿದವರು ಮಾಂಸಭಕ್ಷಣವನ್ನು ಖಂಡಿಸಿದರು. ‘ಬಿಡು’ ಎನ್ನುವ ಮೊದಲು ‘ಇದನ್ನು ತೆಗೆದುಕೋ’ ಎಂದು ಹೇಳಲು ಸಾಧ್ಯವಾಗುವಷ್ಟು ವಿದ್ಯೆಯನ್ನು ಅವರು ಸಂಪಾದಿಸಿದ್ದರು. ಈ ಕೃತಿಯ ಹಿರಿಮೆಯು ಇದರಲ್ಲಿದೆ.

ಕನ್ನಡದಲ್ಲಿ ಜೈನ ವೈದ್ಯ

ಈ ಪರಂಪರೆಯು ಬೇಗನೆ ದೇಶಭಾಷೆಗೂ ಇಳಿಯಿತು. ಹನ್ನೆರಡನೆಯ ಶತಮಾನದಲ್ಲಿ ಚಾಲುಕ್ಯ ರಾಜಕುಮಾರನಾದ ಕೀರ್ತಿವರ್ಮನು ‘ಗೋವೈದ್ಯ’ವನ್ನು ರಚಿಸಿ ಮೂಕಪ್ರಾಣಿಗಳ ಚಿಕಿತ್ಸೆಯನ್ನು ಕನ್ನಡದಲ್ಲಿ ಹೇಳಿದನು. ಅದೇ ಶತಮಾನದ ಜಗದ್ದಳ ಸೋಮನಾಥನು ಪೂಜ್ಯಪಾದರ ಕಲ್ಯಾಣಕಾರಕವನ್ನು ‘ಕರ್ಣಾಟಕ ಕಲ್ಯಾಣಕಾರಕ’ವೆಂದು ಕನ್ನಡಿಸಿದನು, ಅದರ ಚಿಕಿತ್ಸೆಯು ಮಾಂಸಮದ್ಯಗಳಿಂದ ಸಂಪೂರ್ಣ ದೂರವಾದುದು. ಹದಿನಾಲ್ಕನೆಯ ಶತಮಾನದ ಮಂಗರಾಜನ ‘ಖಗೇಂದ್ರಮಣಿದರ್ಪಣ’ವು ವಿಷವೈದ್ಯವನ್ನು ಕುರಿತ ಹೆಸರಾಂತ ಗ್ರಂಥ. ಸಂಸ್ಕೃತವನ್ನರಿಯದ ಹಳ್ಳಿಯ ವೈದ್ಯನಿಗೂ ವಿದ್ಯೆ ಮುಟ್ಟಬೇಕೆಂಬ ಇವರ ಶ್ರಮವು ಔಷಧದಾನದೊಡನೆ ಶಾಸ್ತ್ರದಾನವೂ ಆಯಿತು.

ಪ್ರಾಣಿಗಳ ಮೇಲಣ ಈ ಕರುಣೆಯು ಗ್ರಂಥದಲ್ಲಿಯೇ ನಿಲ್ಲಲಿಲ್ಲ. 1623ರಲ್ಲಿ ಗುಜರಾತಿನ ಖಂಬಾತಕ್ಕೆ ಬಂದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆಯು ಅಲ್ಲಿ ಹಕ್ಕಿಗಳಿಗಾಗಿಯೇ ಇದ್ದ ಆಸ್ಪತ್ರೆಯನ್ನು ಕಂಡು ಬರೆದಿಟ್ಟಿದ್ದಾನೆ. ದೆಹಲಿಯ ಕೆಂಪುಕೋಟೆಯ ಎದುರಿನ ದಿಗಂಬರ ಜೈನ ಲಾಲ್ ಮಂದಿರದ ಪಕ್ಷಿಚಿಕಿತ್ಸಾಲಯವು ಅದೇ ಭಾವನೆಯ ಮುಂದುವರಿಕೆ.

ಸೊಲ್ಲಾಪುರದ ಮುದ್ರಣ

ತಾಳೆಗರಿಗಳಲ್ಲಿದ್ದ ಉಗ್ರಾದಿತ್ಯರ ಕೃತಿಯು ಅಚ್ಚಿನಲ್ಲಿ ಬೆಳಕು ಕಂಡುದು ಸೊಲ್ಲಾಪುರದಲ್ಲಿ. ಪಂಡಿತ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳು ಸಂಪಾದಿಸಿ, ಹಿಂದೀ ಅನುವಾದದೊಡನೆ 1940ರಲ್ಲಿ ಸಖಾರಾಮ ನೇಮಚಂದ ಗ್ರಂಥಮಾಲೆಯ ಮೂಲಕ ಹೊರತಂದರು. ತೆಲುಗು ನಾಡಿನ ಬೆಟ್ಟದಲ್ಲಿ ಸಂಸ್ಕೃತದಲ್ಲಿ ಹುಟ್ಟಿ, ಕನ್ನಡ ಚಕ್ರವರ್ತಿಯ ಸಭೆಯಲ್ಲಿ ಮನ್ನಣೆ ಪಡೆದು, ಮರಾಠಿ ನಾಡಿನ ನಗರದಲ್ಲಿ ಹಿಂದೀ ಅನುವಾದದೊಡನೆ ಮುದ್ರಿತವಾದ ಗ್ರಂಥವಿದು. ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಮತ್ತೊಂದು, ಪೂಜೆಯಲ್ಲಿ ಮಗದೊಂದು ಭಾಷೆಯನ್ನು ನುಡಿಯುವ ಗಡಿನಾಡಿನ ಶ್ರಾವಕ ಕುಟುಂಬಗಳಿಗೆ ಇದರ ಪಯಣವು ತಮ್ಮದೇ ಬಾಳಿನ ಕಥೆಯಂತಿದೆ.

ಗ್ರಂಥ ಮತ್ತು ಪರೀಕ್ಷೆ

ಪ್ರಾಚೀನ ವೈದ್ಯಗ್ರಂಥವನ್ನು ಗೌರವಿಸುವುದೆಂದರೆ ಅದರಲ್ಲಿಯ ಯೋಗಗಳನ್ನು ಮನೆಯಲ್ಲಿಯೇ ಕುಟ್ಟಿ ಸೇವಿಸುವುದಲ್ಲ. ಪಾದರಸ ಮೊದಲಾದ ಲೋಹಗಳನ್ನು ಬಳಸುವ ಔಷಧಗಳು ಬಲ್ಲವರ ಕೈಯಲ್ಲಿಯೂ ಎಚ್ಚರವನ್ನು ಬೇಡುತ್ತವೆ. ಅರಿಯದವರ ಕೈಯಲ್ಲಿ ವಿಷವಾಗುತ್ತವೆ. ಗ್ರಂಥವನ್ನು ಹೇಗೆ ಓದಬೇಕೆಂಬುದಕ್ಕೆ ಚೀನಾದ ನಿದರ್ಶನವೊಂದು ಉಪಯುಕ್ತ. ಮಲೇರಿಯಕ್ಕೆ ಔಷಧವನ್ನು ಹುಡುಕುತ್ತಿದ್ದ ಟು ಯುಯು ಎಂಬ ವಿಜ್ಞಾನಿಯು ನಾಲ್ಕನೆಯ ಶತಮಾನದ ಗೆ ಹೋಂಗನ ಗ್ರಂಥದಲ್ಲಿ, ಒಂದು ಗಿಡವನ್ನು ನೀರಿನಲ್ಲಿ ನೆನೆಸಿ ಹಿಂಡಿ ರಸವನ್ನು ಕುಡಿಯಬೇಕೆಂಬ ವಿಧಿಯನ್ನು ಕಂಡರು. ಅಲ್ಲಿ ಕುದಿಸುವ ಮಾತಿರಲಿಲ್ಲ. ಕಾವಿನಿಂದ ಗುಣ ಕೆಡುತ್ತಿರಬೇಕೆಂದು ಊಹಿಸಿ, 1971ರಲ್ಲಿ ಕಡಿಮೆ ಉಷ್ಣದಲ್ಲಿ ಸಾರವನ್ನು ತೆಗೆದರು. ರೋಗಿಗಳಿಗೆ ಕೊಡುವ ಮುನ್ನ ಸಹೋದ್ಯೋಗಿಗಳೊಡನೆ ತಾವೇ ಅದನ್ನು ಸೇವಿಸಿ ಪರೀಕ್ಷಿಸಿದರು. ಆ ಆರ್ಟೆಮಿಸಿನಿನ್ ಔಷಧಕ್ಕಾಗಿ 2015ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಸಂದಿತು. ಗ್ರಂಥವು ಸುಳಿವು ಕೊಟ್ಟಿತು. ಪರೀಕ್ಷೆಯು ಪ್ರಮಾಣ ಕೊಟ್ಟಿತು.

ಲೋಕದ ವೈದ್ಯಶಿಕ್ಷಣವೂ ಈ ದಿಕ್ಕಿನಲ್ಲಿ ಸಾಗಿದೆ. 1978ರ ಆಲ್ಮಾ ಆಟಾ ಘೋಷಣೆಯು ಪ್ರಾಥಮಿಕ ಆರೋಗ್ಯಸೇವೆಯಲ್ಲಿ ಸಾಂಪ್ರದಾಯಿಕ ವೈದ್ಯರಿಗೂ ಅಗತ್ಯಕ್ಕೆ ತಕ್ಕಂತೆ, ಸೂಕ್ತ ತರಬೇತಿಯೊಡನೆ, ಪಾತ್ರವಿದೆಯೆಂದಿತು. ವಿಶ್ವ ಆರೋಗ್ಯ ಸಂಸ್ಥೆಯ ಸಾಂಪ್ರದಾಯಿಕ ವೈದ್ಯಕೇಂದ್ರಕ್ಕೆ 2022ರಲ್ಲಿ ಜಾಮನಗರದಲ್ಲಿ ಅಡಿಗಲ್ಲು ಬಿದ್ದಿತು. ಭಾರತದಲ್ಲಿ ಆಯುರ್ವೇದ ಪದವಿಗೂ ಆಧುನಿಕ ವೈದ್ಯಪದವಿಗೂ ಒಂದು ವರ್ಷದ ಆಸ್ಪತ್ರೆಯ ಅಭ್ಯಾಸವೂ ಸೇರಿ ಐದೂವರೆ ವರ್ಷಗಳ ವ್ಯಾಸಂಗ ವಿಹಿತವಾಗಿದೆ.

ಪ್ರಯೋಗಾಲಯದಲ್ಲಿ ಅಹಿಂಸೆ

ಉಗ್ರಾದಿತ್ಯರು ಕೇಳಿದ ಪ್ರಶ್ನೆಯನ್ನು ಆಧುನಿಕ ವಿಜ್ಞಾನವೂ ತನ್ನ ರೀತಿಯಲ್ಲಿ ಕೇಳಿಕೊಂಡಿದೆ. ಮಧುಮೇಹದ ಇನ್ಸುಲಿನ್ ಇದಕ್ಕೆ ಉತ್ತಮ ಉದಾಹರಣೆ. 1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಅವರ ಸಂಶೋಧನೆಯ ಫಲವಾಗಿ ದೊರೆತ ಇನ್ಸುಲಿನ್ ಸುಮಾರು ಅರುವತ್ತು ವರ್ಷ ದನ ಮತ್ತು ಹಂದಿಗಳ ಮೇದೋಜ್ಜೀರಕ ಗ್ರಂಥಿಯಿಂದಲೇ ಬರುತ್ತಿತ್ತು. 1978ರಲ್ಲಿ ಮಾನವ ಇನ್ಸುಲಿನ್ನನ್ನು ಸೂಕ್ಷ್ಮಜೀವಿಗಳ ಮೂಲಕ ತಯಾರಿಸುವ ವಿಧಾನವು ಸಿದ್ಧವಾಗಿ, 1982ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ದೊರೆಯಿತು. ಇಂದು ರೋಗಿಗಳಿಗೆ ಸಿಗುವ ಇನ್ಸುಲಿನ್ ಬಹುಮಟ್ಟಿಗೆ ಈ ಬಗೆಯದೇ. ಹಳೆಯ ಶಂಕೆಯಿಂದ ಇದನ್ನು ನಿರಾಕರಿಸಲು ಕಾರಣವಿಲ್ಲ.

ಕ್ಯಾಪ್ಸೂಲಿನ ಜಿಲೆಟಿನ್ ಸಾಮಾನ್ಯವಾಗಿ ಪ್ರಾಣಿಗಳ ಎಲುಬು, ಚರ್ಮಗಳಿಂದ ಆಗುತ್ತದೆ. ಸಸ್ಯಮೂಲದ ಕವಚಗಳೂ ಬಂದಿವೆ, ಅನೇಕ ಔಷಧಗಳು ಮಾತ್ರೆ ಅಥವಾ ದ್ರವರೂಪದಲ್ಲಿಯೂ ದೊರೆಯುತ್ತವೆ. ಶಸ್ತ್ರಚಿಕಿತ್ಸೆಯ ಹೊಲಿಗೆಗೆ ಕರುಳಿನಿಂದ ಮಾಡಿದ ‘ಕ್ಯಾಟ್‌ಗಟ್’ ದಾರಕ್ಕೆ ಬದಲು ಕೃತಕ ದಾರಗಳಿವೆ. ಹೃದಯದ ಕವಾಟವು ಹಂದಿ ಅಥವಾ ದನದ ಅಂಗಾಂಶದ್ದೂ ಆಗಿರಬಹುದು, ಲೋಹ ಮುಂತಾದುವುಗಳಿಂದ ಮಾಡಿದುದೂ ಆಗಿರಬಹುದು. ಎರಡನೆಯದನ್ನು ಆರಿಸಿದವರು ರಕ್ತ ಹೆಪ್ಪುಗಟ್ಟದಿರುವ ಔಷಧವನ್ನು ಬಾಳಿನುದ್ದಕ್ಕೂ ಸೇವಿಸಬೇಕಾಗುತ್ತದೆ. ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಹೆಪಾರಿನ್ ಹಂದಿಯ ಕರುಳಿನಿಂದ ಬರುತ್ತದೆ. ಅದಕ್ಕೆ ಕೃತಕ ಬದಲಿಗಳಿದ್ದರೂ ಎಲ್ಲ ಸಂದರ್ಭಗಳಿಗೂ ಅವು ಹೊಂದುವುದಿಲ್ಲ. ಆದುದರಿಂದ ಯಾವ ಬದಲಿ ಸಾಧ್ಯವೆಂಬುದನ್ನು ವೈದ್ಯರೇ ನಿರ್ಧರಿಸಬೇಕು. ಕೇಳುವ ಕೆಲಸವನ್ನು ಕುಟುಂಬವು ಮಾಡಬೇಕು, ಅದೂ ಸಾಧ್ಯವಾದಷ್ಟು ಮುಂಚಿತವಾಗಿ.

ವೈದ್ಯವಿದ್ಯಾರ್ಥಿಗಳ ಕಲಿಕೆಯಲ್ಲಿಯೂ ಪರಿವರ್ತನೆಯಾಗಿದೆ. 1959ರಲ್ಲಿ ಇಂಗ್ಲೆಂಡಿನ ರಸೆಲ್ ಮತ್ತು ಬರ್ಚ್ ಎಂಬ ವಿಜ್ಞಾನಿಗಳು ಪ್ರಾಣಿಪ್ರಯೋಗದ ವಿಷಯದಲ್ಲಿ ಮೂರು ಸೂತ್ರಗಳನ್ನು ಹೇಳಿದರು: ಬದಲಿಯನ್ನು ಹುಡುಕಬೇಕು, ಸಂಖ್ಯೆಯನ್ನು ಕುಗ್ಗಿಸಬೇಕು, ನೋವನ್ನು ತಗ್ಗಿಸಬೇಕು. 2014ರಲ್ಲಿ ಅಂದಿನ ಭಾರತೀಯ ವೈದ್ಯಕೀಯ ಪರಿಷತ್ತು ಪದವಿ ತರಗತಿಗಳ ಪ್ರಾಣಿಪ್ರಯೋಗಗಳ ಸ್ಥಾನದಲ್ಲಿ ಕಂಪ್ಯೂಟರ್ ಮಾದರಿಗಳಿಗೆ ಎಡೆಮಾಡಿಕೊಟ್ಟಿತು. ಹೊಸ ಔಷಧಕ್ಕೆ ಪ್ರಾಣಿಪರೀಕ್ಷೆಯೇ ಆಗಬೇಕೆಂಬ ಕಟ್ಟಳೆಯನ್ನು ಅಮೆರಿಕವು 2022ರ ಕಾಯಿದೆಯಿಂದ ಸಡಿಲಿಸಿತು. ವೈದ್ಯ, ಔಷಧವಿಜ್ಞಾನಗಳನ್ನು ಓದುವ ಜೈನ ತರುಣತರುಣಿಯರಿಗೆ ಇಲ್ಲಿ ಉಗ್ರಾದಿತ್ಯರ ಕಾರ್ಯವೇ ಕಾದಿದೆ.

ಭಾವದ ಮಹತ್ತ್ವ

ಬದಲಿ ಇಲ್ಲದೆಡೆ ಏನು ಮಾಡಬೇಕು? ಪೂಜ್ಯಪಾದರು ತತ್ತ್ವಾರ್ಥಸೂತ್ರದ ‘ಸರ್ವಾರ್ಥಸಿದ್ಧಿ’ ವ್ಯಾಖ್ಯೆಯಲ್ಲಿ ವೈದ್ಯನ ದೃಷ್ಟಾಂತವನ್ನೇ ಕೊಟ್ಟಿದ್ದಾರೆ. ಕರುಣಾಶಯನಾದ ವೈದ್ಯನು ಮುನಿಯ ದೇಹದ ಹುಣ್ಣನ್ನು ಸೀಳುವಾಗ ನೋವಾಗುತ್ತದೆ. ಆದರೆ ಆ ಬಾಹ್ಯ ನಿಮಿತ್ತಮಾತ್ರದಿಂದ ವೈದ್ಯನಿಗೆ ಪಾಪಬಂಧವಾಗದು. ಗೃಹಸ್ಥನ ಅಣುವ್ರತವು ಸಂಕಲ್ಪಪೂರ್ವಕವಾದ ಹಿಂಸೆಯ ತ್ಯಾಗವನ್ನು ಮುಖ್ಯವಾಗಿ ಬಯಸುತ್ತದೆ. ರೋಗಿಯ ಜೀವರಕ್ಷಣೆಯ ಹೊತ್ತಿನಲ್ಲಿ ಮನೆಯವರು ಈ ವಿವೇಕವನ್ನು ಮರೆಯಬಾರದು. ಸಂಶಯವುಳಿದರೆ ತ್ಯಾಗಿಗಳನ್ನೂ ವಿದ್ವಾಂಸರನ್ನೂ ಕೇಳಬಹುದು. ಆದರೆ ಅಷ್ಟರೊಳಗೆ ಚಿಕಿತ್ಸೆ ನಿಲ್ಲಬಾರದು.

ಉಪವಾಸ ಮತ್ತು ಚಿಕಿತ್ಸೆ

ದಶಲಕ್ಷಣ ಪರ್ವದಂತಹ ದಿನಗಳಲ್ಲಿ ಇನ್ನೊಂದು ಎಚ್ಚರ ಅಗತ್ಯ. ಇನ್ಸುಲಿನ್ ಅಥವಾ ಸಕ್ಕರೆಯನ್ನಿಳಿಸುವ ಕೆಲವು ಮಾತ್ರೆಗಳನ್ನು ತೆಗೆದುಕೊಂಡು ಉಪವಾಸವಿದ್ದರೆ ರಕ್ತದ ಸಕ್ಕರೆಯು ಅಪಾಯಕರವಾಗಿ ಕುಸಿಯಬಹುದು. ಬೆವರು, ನಡುಕ, ಮಂಪರು, ಮಾತಿನ ತೊದಲು ಅದರ ಚಿಹ್ನೆಗಳು. ಆಗ ಕೂಡಲೆ ಸಕ್ಕರೆಯನ್ನು ಕೊಡಬೇಕು, ರೋಗಿಗೆ ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಬೇಕು. ವ್ರತವನ್ನು ಕೈಗೊಳ್ಳುವ ಮೊದಲೇ ವೈದ್ಯರನ್ನು ಕಂಡರೆ ಔಷಧದ ಪ್ರಮಾಣವನ್ನು ಅವರು ಬದಲಾಯಿಸಬಹುದು, ಇಲ್ಲವೆ ಉಪವಾಸವೇ ಬೇಡವೆನ್ನಬಹುದು. ರಾತ್ರಿಭೋಜನ ತ್ಯಾಗವಿರುವವರಿಗೆ ಎಷ್ಟೋ ಔಷಧಗಳನ್ನು ಸೂರ್ಯಾಸ್ತಕ್ಕೆ ಮೊದಲೇ ಕೊಡುವ ಏರ್ಪಾಡೂ ಸಾಧ್ಯ. ಷೋಡಶ ಭಾವನೆಗಳಲ್ಲಿ ತಪಸ್ಸನ್ನು ‘ಶಕ್ತಿತಃ’ ಎಂದೇ ಹೇಳಿದೆ. ಶಕ್ತಿಯನ್ನು ಮೀರಿದ ತಪಸ್ಸನ್ನು ಶಾಸ್ತ್ರವು ಬಯಸಿಲ್ಲ. ಉಪವಾಸ ಸಾಧ್ಯವಿಲ್ಲದವರಿಗೆ ಸ್ವಾಧ್ಯಾಯ, ಜಪ, ವೈಯಾವೃತ್ಯಗಳ ಮಾರ್ಗವು ತೆರೆದೇ ಇದೆ.

ಇಂದಿನ ಔಷಧದಾನವು ಹಲವು ರೂಪಗಳಲ್ಲಿ ನಡೆಯಬಹುದು. ರಕ್ತದಾನ ಮತ್ತು ಮರಣಾನಂತರದ ನೇತ್ರದಾನಗಳು ಯಾವ ಜೀವಕ್ಕೂ ನೋವಿಲ್ಲದೆ ಪರರ ಬಾಳನ್ನು ಬೆಳಗುತ್ತವೆ. ಬಡ ವೈದ್ಯವಿದ್ಯಾರ್ಥಿಗೆ ನೀಡುವ ನೆರವು ಔಷಧದಾನವೂ ಹೌದು, ಶಾಸ್ತ್ರದಾನವೂ ಹೌದು. ಎಲ್ಲಕ್ಕಿಂತ ಸುಲಭವಾದುದು ಮನೆಯ ಹಿರಿಯರ ಬಳಿ ಕುಳಿತು, ಅವರು ಯಾವ ಔಷಧವನ್ನು ಯಾವ ಸಂಕೋಚದಿಂದ ಬಿಟ್ಟಿದ್ದಾರೆಂದು ಮೆಲ್ಲನೆ ಕೇಳಿ, ಅವರೊಡನೆ ವೈದ್ಯರಲ್ಲಿಗೆ ಹೋಗಿ ಬದಲಿಯನ್ನು ವಿಚಾರಿಸುವುದು. ಉಗ್ರಾದಿತ್ಯಾಚಾರ್ಯರು ತೋರಿದ ಹಿತಾಹಿತ ವಿವೇಕವು ಪ್ರತಿ ಶ್ರಾವಕ ಗೃಹದಲ್ಲಿ ನೆಲೆಗೊಳ್ಳಲಿ. ಸಕಲ ಜೀವರಾಶಿಗೂ ಆರೋಗ್ಯ ಲಭಿಸಲಿ.